ದ್ರಾವಕದ ಸೀಸೆ

ಕಳೆದ ತಿಂಗಳ ಒಂದು ಭಾನುವಾರ, ಬೆಳಗಿನ ಸ್ನಾನಾಹ್ನಿಕಗಳನ್ನು ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ, ನನ್ನ ತಮ್ಮನ ಮಗನು ಸೈಕಲನ್ನು ಗೋಡೆಗೆ ಒರಗಿಸಿ ಮೆಲ್ಲನೆ ಒಳಗೆ ಬಂದನು. ಹುಡುಗನಿಗೆ ಹದಿನೇಳು ವರ್ಷ. ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಓದುತ್ತಿರುವನು. ರಸಾಯನಶಾಸ್ತ್ರವೆಂದರೆ ಅವನಿಗೆ ಹಸಿವು ನಿದ್ರೆಗಳ ನೆನಪಿರುವುದಿಲ್ಲ. ತಮ್ಮ ಮನೆಯ ಹಿತ್ತಲ ಕೊಠಡಿಯಲ್ಲಿ ಒಂದು ಹಳೆಯ ಮೇಜು, ನಾಲ್ಕಾರು ಗಾಜಿನ ನಳಿಗೆಗಳು, ಒಂದು ಸ್ಪಿರಿಟ್ ದೀಪ ಇವಿಷ್ಟನ್ನೂ ಜೋಡಿಸಿಕೊಂಡು ಅದನ್ನೇ ಪ್ರಯೋಗಶಾಲೆಯೆಂದು ಕರೆಯುವನು. ಇಂತಹ ಹವ್ಯಾಸವು ಹುಡುಗರಿಗೆ ಇರಬೇಕೆಂದು ಬಯಸುವವರಲ್ಲಿ ನಾನೂ ಒಬ್ಬನು.

ಆ ದಿನ ಅವನ ಮುಖದಲ್ಲಿ ಎಂದಿನ ಉತ್ಸಾಹವಿರಲಿಲ್ಲ. "ದೊಡ್ಡಪ್ಪ, ನೀವು ಬಯ್ಯುವುದಿಲ್ಲವೆಂದರೆ ಒಂದು ಮಾತು ಹೇಳುತ್ತೇನೆ" ಎಂದನು. ಬಯ್ಯುವುದು ಬಿಡುವುದು ಮಾತಿನ ಮೇಲೆ ಹೋಗುತ್ತದೆ ಎಂದೆನು. ಆಗ ಚೀಲದಿಂದ ವೃತ್ತಪತ್ರಿಕೆಯಲ್ಲಿ ಸುತ್ತಿದ ಒಂದು ಸೀಸೆಯನ್ನು ತೆಗೆದು ನನ್ನ ಮುಂದೆ ಇಟ್ಟನು. ಕುಡಿಯುವ ನೀರನ್ನು ಮಾರುತ್ತಾರಲ್ಲ, ಅಂತಹ ಅರ್ಧ ಲೀಟರಿನ ಸೀಸೆ. ಒಳಗೆ ತೆಳು ಹಳದಿ ಬಣ್ಣದ ನೀರಿನಂತಹ ವಸ್ತು. ಮೇಲೆ ಚೀಟಿಯಿಲ್ಲ, ಹೆಸರಿಲ್ಲ.

"ಇದು ಹೈಡ್ರೋಕ್ಲೋರಿಕ್ ಆಮ್ಲ, ದೊಡ್ಡಪ್ಪ. ಅಮ್ಮನಿಗೆ ಗೊತ್ತಾದರೆ ಚೆಲ್ಲಿಬಿಡುತ್ತಾಳೆ. ನಿಮ್ಮ ಬಚ್ಚಲುಮನೆಯ ಅಟ್ಟದ ಮೇಲೆ ಒಂದು ವಾರ ಇರಲಿ."

ವಿಚಾರಿಸಲಾಗಿ ಕಥೆ ಹೊರಬಂತು. ಮೊದಲು ಹೋದ ಅಂಗಡಿಯವರು ವಯಸ್ಸೆಷ್ಟು, ಗುರುತಿನ ಚೀಟಿ ಎಲ್ಲಿ, ಏತಕ್ಕೆ ಬೇಕು ಎಂದು ಕೇಳಿ, ಹಿರಿಯರನ್ನು ಕರೆದುಕೊಂಡು ಬಾ ಎಂದು ಕಳುಹಿಸಿದ್ದರು. ಎರಡನೆಯವರಲ್ಲಿ ಸರಕೇ ಇರಲಿಲ್ಲ. ಮೂರನೆಯವನು ಏನನ್ನೂ ಕೇಳದೆ, ಹಿಂದಿನ ಕೋಣೆಗೆ ಹೋಗಿ, ದೊಡ್ಡ ಕ್ಯಾನಿನಿಂದ ಖಾಲಿ ನೀರಿನ ಸೀಸೆಗೆ ಬಗ್ಗಿಸಿ ಕೊಟ್ಟಿದ್ದನು. "ಸಂಡಾಸು ತೊಳೆಯುವುದಕ್ಕೆ ಎಂದು ಹೇಳಿದೆ" ಎಂದು ಹುಡುಗನು ತಲೆತಗ್ಗಿಸಿದನು. ಅವನ ಚೀಲದ ಕಬ್ಬಿಣದ ಕೊಂಡಿಗೆ ಎರಡೇ ದಿನದಲ್ಲಿ ತುಕ್ಕು ಹಿಡಿದಿತ್ತು. ಮುಚ್ಚಳದ ಸಂದಿನಿಂದ ಆವಿ ಹೊರಡುತ್ತಿದ್ದುದಕ್ಕೆ ಅದೇ ಸಾಕ್ಷಿ.

ವಾಚಕರೇ, ನಾನು ಬಯ್ಯಲಿಲ್ಲ. ಬಯ್ಯುವ ಅಧಿಕಾರ ನನಗೆ ಇರಲಿಲ್ಲ. ಏಕೆಂದರೆ ಆ ಸೀಸೆಯನ್ನು ನೋಡಿದ ಕೂಡಲೆ ನನ್ನ ಕಣ್ಣ ಮುಂದೆ ಬಂದುದು ಮತ್ತೊಂದು ಸೀಸೆ. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, ಬಚ್ಚಲ ಕಲ್ಲಿನ ಕಲೆಯನ್ನು ತೆಗೆಯಲೆಂದು ಇದೇ ದ್ರಾವಕವನ್ನು ತಂದು, ಒಂದು ಶರಬತ್ತಿನ ಖಾಲಿ ಸೀಸೆಯಲ್ಲಿ ಹಾಕಿ, ಬಚ್ಚಲುಮನೆಯ ಗೂಡಿನಲ್ಲಿ ಇಟ್ಟಿದ್ದೆನು. ನಾಳೆ ಚೀಟಿ ಅಂಟಿಸೋಣ ಎಂದುಕೊಂಡೆನು. ಆ ನಾಳೆ ಬರಲಿಲ್ಲ. ನಮ್ಮ ತಾಯಿಯವರಿಗೆ ಆಗಲೇ ದೃಷ್ಟಿ ಮಂದವಾಗಿತ್ತು. ಬೇಸಗೆಯ ಒಂದು ಮಧ್ಯಾಹ್ನ ಯಾರೋ ನೆಂಟರು ಬಂದರೆಂದು, ಗೂಡಿನಲ್ಲಿದ್ದ ಶರಬತ್ತನ್ನು ಯಾರು ಅಲ್ಲಿಟ್ಟರೋ ಎಂದುಕೊಂಡು ತೆಗೆದು ಲೋಟಕ್ಕೆ ಬಗ್ಗಿಸಿದರು. ಆವಿಯ ಘಾಟು ಮೂಗಿಗೆ ಬಡಿದು ಬೆಚ್ಚಿದುದರಿಂದ ಲೋಟವು ಕೈಯಿಂದ ಜಾರಿತು. ನೆಂಟರು ಉಳಿದರು, ತಾಯಿಯವರ ಬಲಗೈ ಮಣಿಕಟ್ಟು ಸುಟ್ಟಿತು. ಗಾಯ ಮಾಗಿತು, ಕಲೆ ಮಾಗಲಿಲ್ಲ. ಅವರು ಬದುಕಿದ್ದಷ್ಟು ಕಾಲವೂ ಯಾರಾದರೂ ಕೇಳಿದರೆ, "ಒಗ್ಗರಣೆಯ ಎಣ್ಣೆ ಸಿಡಿಯಿತು" ಎನ್ನುತ್ತಿದ್ದರು. ಮಗನು ಮೇಷ್ಟರು, ಮೇಷ್ಟರ ಹೆಸರು ಕೆಡಬಾರದಲ್ಲ! ಈ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಆ ದಿನ ಹುಡುಗನಿಗೆ ಹೇಳಿದೆನು. ಇಂದು ನಿಮಗೆ ಹೇಳುತ್ತಿದ್ದೇನೆ.

ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದನು: "ಹಾಗಾದರೆ ನಾನು ಆಮ್ಲವನ್ನು ಮುಟ್ಟಲೇಬಾರದೆ? ಆಮ್ಲವಿಲ್ಲದೆ ರಸಾಯನಶಾಸ್ತ್ರವುಂಟೆ?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ "ಬೇಡ" ಎಂಬ ಒಂದು ಮಾತಿನ ಉತ್ತರವನ್ನು ಕೊಟ್ಟು ಎದ್ದುಹೋಗುವ ಹಿರಿಯರಿಂದಲೇ ಹುಡುಗರು ಹಿಂಬಾಗಿಲ ಅಂಗಡಿಯನ್ನು ಹುಡುಕುವುದು. ಆದುದರಿಂದ ನನಗೆ ತಿಳಿದಷ್ಟನ್ನು ಕ್ರಮವಾಗಿ ಹೇಳಿದೆನು. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಹೆಸರಿನ ಮಾತು. ಸಂಸ್ಕೃತವನ್ನು ಕಲಿಸಿದವನಿಗೆ ಹೆಸರಿನಿಂದ ಹೊರಡದೆ ಗತಿಯಿಲ್ಲ. ಷಡ್ರಸಗಳಲ್ಲಿ ಒಂದಕ್ಕೆ ಸಂಸ್ಕೃತದಲ್ಲಿ ಅಮ್ಲವೆಂದು ಹೆಸರು. ಅದೇ ಕನ್ನಡಕ್ಕೆ ಬಂದು ಆಮ್ಲವಾಯಿತು, ಅಚ್ಚಗನ್ನಡದಲ್ಲಿ ಹುಳಿ. ಅಂದರೆ ನಾಲಗೆಯೇ ಮೊದಲ ಪರೀಕ್ಷಕ. ನಮ್ಮ ಹಿರಿಯರು ಖನಿಜಗಳಿಂದ ಭಟ್ಟಿಯಿಳಿಸಿದ ತೀಕ್ಷ್ಣವಾದ ಆಮ್ಲಕ್ಕೆ ಬೇರೆ ಹೆಸರನ್ನಿಟ್ಟರು: ದ್ರಾವಕ, ಅಂದರೆ ಕರಗಿಸುವಂಥದು. ರಸಶಾಸ್ತ್ರದ ಈಚಿನ ಗ್ರಂಥಗಳಲ್ಲಿ ಶಂಖದ್ರಾವಕವೆಂಬ ಹೆಸರು ಬರುತ್ತದೆ; ಶಂಖವನ್ನೇ ಕರಗಿಸಬಲ್ಲುದು ಎಂದರ್ಥ. ಹುಳಿ ಎಂದಾಗ ರುಚಿ, ದ್ರಾವಕ ಎಂದಾಗ ಎಚ್ಚರಿಕೆ. ಎರಡು ಹೆಸರಿನಲ್ಲಿ ಎರಡು ಪಾಠವಿದೆ. ಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದೇ ಕುಲ; ಮನೆಯ ದೃಷ್ಟಿಯಿಂದ ಒಂದು ಅಡುಗೆಮನೆಗೆ ಬರಬಹುದು, ಮತ್ತೊಂದು ಬರಕೂಡದು.

ಈ ಭೇದಕ್ಕೆ ಕಾರಣವೇನು? ಆಮ್ಲವು ನೀರಿನಲ್ಲಿ ಕರಗಿದಾಗ ಅದರಿಂದ ಹೈಡ್ರೋಜನ್ನಿನ ಅಯಾನುಗಳು ಬಿಡಿಯಾಗುತ್ತವೆ. ಆಮ್ಲದ ಗುಣವೆಲ್ಲವೂ ಅವುಗಳದು. ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರಿಗೆ ಸೇರಿಸಿ ತೆಳುವಾಗಿಸಿದರೆ ಅದರ ಅಣುಗಳು ಹೆಚ್ಚುಕಡಮೆ ಎಲ್ಲವೂ ಹೀಗೆ ಬಿಚ್ಚಿಕೊಳ್ಳುತ್ತವೆ. ಅಂಗಡಿಯ ವಿನಿಗರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ. ಅದರಲ್ಲೂ ಸಾವಿರ ಅಣುಗಳಲ್ಲಿ ನಾಲ್ಕೈದು ಮಾತ್ರವೇ ಬಿಚ್ಚಿಕೊಂಡಿರುತ್ತವೆ. ಆದಕಾರಣವೇ ಒಂದು ಉಪ್ಪಿನಕಾಯಿಗೆ ಆಗುತ್ತದೆ, ಮತ್ತೊಂದು ಚರ್ಮವನ್ನು ಸುಡುತ್ತದೆ. ದುರ್ಬಲ ಆಮ್ಲವೆಂದರೆ ನೀರು ಬೆರೆತದ್ದೆಂದಲ್ಲ. ಅದು ಸ್ವಭಾವದಿಂದಲೇ ಸಾವಧಾನವುಳ್ಳದ್ದು. ಈ ಅಂತರವನ್ನು ತಿಳಿಯದೆ ಸೀಸೆಗಳನ್ನು ಎಷ್ಟು ಕೂಡಿಸಿದರೂ ರಸಾಯನಶಾಸ್ತ್ರ ಬರುವುದಿಲ್ಲ.

ಇನ್ನು ಮನೆಯಲ್ಲಿರುವ ಆಮ್ಲಗಳನ್ನು ಲೆಕ್ಕ ಹಾಕೋಣ. ನಿಂಬೆಯ ರಸದಲ್ಲಿ ಸಿಟ್ರಿಕ್ ಆಮ್ಲ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ. ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ. ಬೆಟ್ಟದ ನೆಲ್ಲಿಯಲ್ಲಿ ಆಸ್ಕಾರ್ಬಿಕ್ ಆಮ್ಲ, ಎಂದರೆ ಸಿ ಜೀವಸತ್ವ. ಕರಾವಳಿಯವರ ಪುನರ್ಪುಳಿಯಲ್ಲಿಯೂ ಮಲೆನಾಡಿನ ಉಪ್ಪಾಗೆಯಲ್ಲಿಯೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ. ಅಡುಗೆಮನೆಯದೆಂದ ಮಾತ್ರಕ್ಕೆ ಎಷ್ಟಾದರೂ ಸಲ್ಲುತ್ತದೆಂದು ಭಾವಿಸಬಾರದು. ಔಷಧಿಯೆಂದು ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದು ಮೂತ್ರಪಿಂಡವನ್ನು ಕೆಡಿಸಿಕೊಂಡವರುಂಟು.

ನಾನು ಕೆಲವು ವರ್ಷ ಗದಗಿನ ಕಡೆಯ ಎರೆಯ ಸೀಮೆಯಲ್ಲಿ ಪಾಠ ಹೇಳಿದವನು. ಅಲ್ಲಿ ಹಿಂಗಾರಿನ ಕಡಲೆಯ ಹೊಲದಲ್ಲಿ ಇಬ್ಬನಿಯ ಹೊತ್ತಿಗೆ ನಡೆದರೆ ಕಾಲು ಚುರುಚುರು ಎನ್ನುತ್ತದೆ. ಗಿಡದ ಎಲೆಯ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ರೈತರು ರಾತ್ರಿ ಗಿಡಗಳ ಮೇಲೆ ಶುಭ್ರವಾದ ಬಟ್ಟೆಯನ್ನು ಹಾಸಿ, ಇಬ್ಬನಿಯಲ್ಲಿ ನೆನೆದ ಅದನ್ನು ಬೆಳಗಿನ ಜಾವ ಹಿಂಡಿ, ಕಡಲೆಯ ಹುಳಿಯನ್ನು ಸಂಗ್ರಹಿಸುತ್ತಿದ್ದರು. ವೈದ್ಯಗ್ರಂಥಗಳಲ್ಲಿ ಇದಕ್ಕೆ ಚಣಕಾಮ್ಲವೆಂದು ಹೆಸರು. ಕುಲುಮೆಯಿಲ್ಲ, ಭಟ್ಟಿಯಿಲ್ಲ, ಲೈಸೆನ್ಸಿಲ್ಲ. ಒಂದು ಪಂಚೆ ಮತ್ತು ಒಂದು ಚಳಿಯ ರಾತ್ರಿ ಇದ್ದರಾಯಿತು. ಆಮ್ಲವನ್ನು ಸಂಪಾದಿಸುವ ಇದಕ್ಕಿಂತ ಸುಂದರವಾದ ಉಪಾಯವನ್ನು ನಾನು ಕಂಡಿಲ್ಲ.

ಈ ಅಡುಗೆಮನೆಯ ಆಮ್ಲಗಳಲ್ಲಿ ಅನೇಕವನ್ನು ಶುದ್ಧವಾಗಿ ಬೇರ್ಪಡಿಸಿ ಲೋಕಕ್ಕೆ ತೋರಿಸಿದವನು ಸ್ವೀಡನ್ ದೇಶದ ಕಾರ್ಲ್ ವಿಲ್ಹೆಲ್ಮ್ ಶೇಲೆ. 1742ರಲ್ಲಿ ಹುಟ್ಟಿದ ಇವನು ದೊಡ್ಡ ವಿದ್ಯಾಪೀಠದ ಪ್ರಾಧ್ಯಾಪಕನಲ್ಲ. ಔಷಧಿಯ ಅಂಗಡಿಯಲ್ಲಿ ಕೆಲಸ ಕಲಿತು, 1775ರಿಂದ ಷೋಪಿಂಗ್ ಎಂಬ ಸಣ್ಣ ಊರಿನಲ್ಲಿ ಅಂಥದೇ ಅಂಗಡಿಯನ್ನು ನಡೆಸಿದವನು. ದ್ರಾಕ್ಷಿಯ ಮದ್ಯದ ಗಷ್ಟಿನಿಂದ ಟಾರ್ಟಾರಿಕ್ ಆಮ್ಲ, 1780ರಲ್ಲಿ ಹುಳಿತ ಹಾಲಿನಿಂದ ಲ್ಯಾಕ್ಟಿಕ್, 1784ರಲ್ಲಿ ನಿಂಬೆಯಿಂದ ಸಿಟ್ರಿಕ್, 1785ರಲ್ಲಿ ಸೇಬಿನಿಂದ ಮ್ಯಾಲಿಕ್: ಇವೆಲ್ಲವೂ ಆ ಒಬ್ಬನ ಕೈಯಿಂದ ಬಂದುವು. ನಿಂಬೆಯ ರಸಕ್ಕೆ ಸೀಮೆಸುಣ್ಣದ ಪುಡಿಯನ್ನು ಹಾಕಿ, ತಳದಲ್ಲಿ ಕೂತ ಲವಣವನ್ನು ಗಂಧಕಾಮ್ಲದಿಂದ ಬಿಡಿಸಿ, ಸಿಟ್ರಿಕ್ ಆಮ್ಲದ ಹರಳನ್ನು ಪಡೆದನು. ಇಲ್ಲಿ ಹುಡುಗನು ಕೂಡಲೆ, "ನೋಡಿ ದೊಡ್ಡಪ್ಪ, ಅವನಿಗೂ ಗಂಧಕಾಮ್ಲ ಬೇಕಾಯಿತು!" ಎಂದನು. ನಿಜ. ನಾನು ಅಲ್ಲಗಳೆಯಲಿಲ್ಲ. ಆದರೆ ಕಥೆಯ ಕೊನೆಯನ್ನೂ ಕೇಳು ಎಂದೆನು. ಶೇಲೆಗೆ ತಾನು ಮಾಡಿದ ಪ್ರತಿಯೊಂದು ವಸ್ತುವನ್ನೂ ಮೂಸಿ, ನಾಲಗೆಗೆ ಮುಟ್ಟಿಸಿ ನೋಡುವ ಅಭ್ಯಾಸವಿತ್ತು. 1786ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಬಹುಕಾಲ ವಿಷವಸ್ತುಗಳ ಸಹವಾಸದಲ್ಲಿದ್ದುದೇ ಅವನ ಆಯುಸ್ಸನ್ನು ಮೊಟಕುಮಾಡಿತೆಂದು ತಿಳಿದವರು ಹೇಳುತ್ತಾರೆ.

ನಮ್ಮ ದೇಶದಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರು 1892ರಲ್ಲಿ ಕಲ್ಕತ್ತೆಯ ತಮ್ಮ ಬಾಡಿಗೆಯ ಮನೆಯಲ್ಲೇ ಔಷಧ ರಸಾಯನಗಳ ತಯಾರಿಕೆಯನ್ನು ಆರಂಭಿಸಿದರು. ಅದೇ 1901ರಲ್ಲಿ ಬೆಂಗಾಲ್ ಕೆಮಿಕಲ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಬರೆದವರೂ ಅವರೇ. ಅದರ ಮೊದಲ ಸಂಪುಟವು 1902ರಲ್ಲಿ ಹೊರಬಂತು. ಮನೆಯಲ್ಲಿ ರಸಾಯನ ಕಾರ್ಯವನ್ನು ನಡೆಸುವುದು ಹೀನವೂ ಅಲ್ಲ, ಹುಚ್ಚೂ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಆದರೆ ರಾಯರು ಎಡಿನ್‌ಬರೋದಲ್ಲಿ ವರ್ಷಗಟ್ಟಲೆ ಗುರುಗಳ ಬಳಿ ಕೈಪಳಗಿಸಿಕೊಂಡ ಮೇಲೆ ಈ ಕೆಲಸಕ್ಕೆ ಇಳಿದವರು ಎಂಬುದನ್ನು ಮರೆಯಬಾರದು.

ಹಾಗಾದರೆ ಗುರುವಿಲ್ಲದ ದಿನಗಳಲ್ಲಿ, ಮನೆಯ ಆಮ್ಲದಿಂದ ಎಷ್ಟು ಕಲಿಯಬಹುದು? ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ವರ್ಷದ ಪಾಠವನ್ನೆಲ್ಲ ಕಲಿಯಬಹುದು. ಕಿರಾಣಿ ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪು ಶುದ್ಧವಾದ ಸಿಟ್ರಿಕ್ ಆಮ್ಲವೇ. ಅದು ಇಂದು ನಿಂಬೆಯಿಂದ ಬರುವುದಲ್ಲ. ಸಕ್ಕರೆಯ ಕಾಕಂಬಿಯ ಮೇಲೆ ಒಂದು ಜಾತಿಯ ಕಪ್ಪು ಬೂಷ್ಟನ್ನು ಬೆಳೆಸಿ ತೆಗೆಯುವುದು. ಈ ಬೂಷ್ಟಿನ ಗುಣವನ್ನು ಅಮೆರಿಕದ ಜೇಮ್ಸ್ ಕರಿ ಎಂಬವರು 1917ರಲ್ಲಿ ಪ್ರಕಟಿಸಿದರು. ಶಂಖಪುಷ್ಪದ ನೀಲಿ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ನೀಲಿಯ ನೀರು ಬರುತ್ತದೆ. ಅದಕ್ಕೆ ನಿಂಬೆಯ ಹನಿಗಳನ್ನು ಬಿಟ್ಟರೆ ನೇರಿಳೆಯಾಗಿ ಕೆಂಪಿಗೆ ತಿರುಗುತ್ತದೆ. ಅರಸಿನದ ನೀರು ಸುಣ್ಣಕ್ಕೆ ಕೆಂಪಾಗುವುದು ನಮ್ಮ ಆರತಿಯ ತಟ್ಟೆಯಲ್ಲಿಯೇ ಉಂಟು. ಒಂದು ಆಮ್ಲವನ್ನು ತೋರಿಸುವ ಸೂಚಕ, ಮತ್ತೊಂದು ಕ್ಷಾರವನ್ನು ತೋರಿಸುವ ಸೂಚಕ, ಎರಡೂ ಹಿತ್ತಲಿನವು. ಕವಡೆಯನ್ನೋ ಮೊಟ್ಟೆಯ ಚಿಪ್ಪನ್ನೋ ವಿನಿಗರಿನಲ್ಲಿ ಹಾಕಿಟ್ಟರೆ ಗುಳ್ಳೆಗಳೆದ್ದು ಕರಗುತ್ತದೆ. ಶಂಖದ್ರಾವಕದ ಪಾಠ ಅಲ್ಲಿಗೆ ಆಯಿತು. ತಾಮ್ರದ ಬಿಂದಿಗೆಯ ಕಪ್ಪು ಹುಣಸೆಯಿಂದ ಹೋಗುವುದು ಏಕೆಂದು ಹುಡುಗನು ಒಮ್ಮೆ ಅರಿತರೆ, ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಸಾರು ಮಜ್ಜಿಗೆಗಳನ್ನು ಇಡಬಾರದೆಂದು ಅಜ್ಜಿಯರು ಹೇಳುತ್ತಿದ್ದುದಕ್ಕೂ ಕಾರಣ ತಿಳಿಯುತ್ತದೆ.

ಅಳತೆಯನ್ನು ಕಲಿಯಲಿಕ್ಕೂ ಇವು ಸಾಕು. 6.4 ಗ್ರಾಂ ನೀರಿನಂಶವಿಲ್ಲದ ಸಿಟ್ರಿಕ್ ಆಮ್ಲಕ್ಕೆ 8.4 ಗ್ರಾಂ ಅಡುಗೆ ಸೋಡ ಸರಿಹೊಂದುತ್ತದೆ. ಅದಕ್ಕೆ ಹೆಚ್ಚಾದರೆ ಸೋಡ ಉಳಿಯುತ್ತದೆ, ಕಡಮೆಯಾದರೆ ಹುಳಿ ಉಳಿಯುತ್ತದೆ. ಸಣ್ಣ ತಕ್ಕಡಿ, ಶಂಖಪುಷ್ಪದ ನೀರು, ತಾಳ್ಮೆ ಈ ಮೂರಿದ್ದರೆ ತೋಟದ ನಿಂಬೆಗೂ ಮಾರುಕಟ್ಟೆಯ ನಿಂಬೆಗೂ ಇರುವ ವ್ಯತ್ಯಾಸವನ್ನು ಅಂಕಿಯಲ್ಲಿ ಬರೆಯಬಹುದು. ಹುಡುಗನು ಇದನ್ನು ಕೇಳಿ, "ಇದು ಟೈಟ್ರೇಷನ್ನೇ ಆಯಿತಲ್ಲ!" ಎಂದನು. ಹೌದು, ಬ್ಯುರೆಟ್ಟಿನ ಬದಲು ಹನಿಯ ನಳಿಗೆ, ಅಷ್ಟೆ.

ಆದರೂ ದ್ರಾವಕಗಳು ಬೇಕಾಗುವ ದಿನ ಬರುತ್ತದೆ. ಆ ದಿನಕ್ಕೆ ಮುಂಬಾಗಿಲು ಯಾವುದೆಂಬುದನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ ವಿಷವಸ್ತುಗಳ ಮಾರಾಟಕ್ಕೆ 1919ರ ಕಾಯಿದೆ ಉಂಟು. ಆದರೂ ಬಹುಕಾಲ ಆಮ್ಲವು ಉಪ್ಪಿನಂತೆ ಮಾರಾಟವಾಗುತ್ತಿತ್ತು. ಅದನ್ನು ಕೊಂಡು ಹೆಣ್ಣುಮಕ್ಕಳ ಮುಖಕ್ಕೆ ಎರಚುವ ಪಾಪಿಗಳು ಹೆಚ್ಚಿದರು. ನಮ್ಮ ಕರ್ನಾಟಕವೂ ಆ ಕಳಂಕದಿಂದ ದೂರವಿರಲಿಲ್ಲ. ಹಾಗೆ ಗಾಯಗೊಂಡ ಒಬ್ಬ ತರುಣಿಯು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದಳು. 2013ರ ಜುಲೈ 18ರಂದು ನ್ಯಾಯಾಲಯವು ಆಜ್ಞೆಯನ್ನು ಹೊರಡಿಸಿತು. ಅದರ ಸಾರ ಇಷ್ಟು: ಮಾರುವವನು ಕೊಳ್ಳುವವರ ಹೆಸರು, ವಿಳಾಸ, ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆಯತಕ್ಕದ್ದು, ಕೊಳ್ಳುವವನು ಸರಕಾರದ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತೋರಿಸಿ ಏತಕ್ಕೆಂದು ಹೇಳತಕ್ಕದ್ದು, ಹದಿನೆಂಟು ತುಂಬದವರಿಗೆ ಮಾರಕೂಡದು, ದಾಸ್ತಾನನ್ನು ಅಧಿಕಾರಿಗೆ ತಿಳಿಸದಿದ್ದರೆ 50,000 ರೂಪಾಯಿಯವರೆಗೆ ದಂಡ. ಶಾಲೆ, ಆಸ್ಪತ್ರೆ, ಪ್ರಯೋಗಶಾಲೆಗಳೂ ಲೆಕ್ಕವನ್ನಿಟ್ಟು, ಒಬ್ಬರನ್ನು ಹೊಣೆಯಾಗಿ ನೇಮಿಸಬೇಕು. ಅದೇ ವರ್ಷ ದಂಡಸಂಹಿತೆಗೂ ತಿದ್ದುಪಡಿಯಾಗಿ, ಆಮ್ಲವನ್ನೆರಚಿ ಗಾಯಗೊಳಿಸಿದವನಿಗೆ ಹತ್ತು ವರ್ಷಕ್ಕೆ ಕಡಮೆಯಿಲ್ಲದ ಶಿಕ್ಷೆ ಗೊತ್ತಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 124ನೆಯ ವಿಧಿಯಾಗಿದೆ.

"ಈ ಕಾಯಿದೆ ನನ್ನಂಥವರ ಮೇಲೆ ಏಕೆ?" ಎಂಬುದು ಹುಡುಗನ ದೂರು. ಮಗು, ಇದು ನಿನ್ನ ಮೇಲೆ ಅಲ್ಲ, ಸೀಸೆಯ ಮೇಲೆ ಎಂದೆನು. ಮೊದಲನೆಯ ಅಂಗಡಿಯವರು ನಿನ್ನನ್ನು ಹಿಂದಕ್ಕೆ ಕಳುಹಿಸಿದುದು ಅವಮಾನವಲ್ಲ. ನಿನಗೆ ಪುಸ್ತಕವಿಲ್ಲದೆ ಕೊಟ್ಟವನು ನಿನ್ನ ಹಿಂದೆ ಬಂದವನಿಗೂ ಪುಸ್ತಕವಿಲ್ಲದೆ ಕೊಡುತ್ತಾನೆ. ಆ ಹಿಂದೆ ಬಂದವನು ಯಾರೋ, ಅವನ ಮನಸ್ಸಿನಲ್ಲಿ ಏನಿದೆಯೋ! ಹುಡುಗನಿಗೆ ಈ ಮಾತು ನಾಟಿತೆಂದು ತೋರುತ್ತದೆ. ಸೀಸೆಯನ್ನು ತನ್ನಿಂದ ಸ್ವಲ್ಪ ದೂರಕ್ಕೆ ಸರಿಸಿದನು.

ದ್ರಾವಕಗಳ ಸ್ವಭಾವವನ್ನೂ ತಿಳಿಸಿದೆನು. ಸಾಂದ್ರವಾದ ಗಂಧಕಾಮ್ಲವು ನೂರಕ್ಕೆ 98 ಪಾಲು. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಇದು 1.84 ಕಿಲೋ ತೂಗುತ್ತದೆ. ಅದರ ಮೇಲೆ ನೀರನ್ನು ಸುರಿದರೆ ಹಗುರವಾದ ನೀರು ಮೇಲೆಯೇ ನಿಂತು, ಹುಟ್ಟುವ ಕಾವಿನಿಂದ ಕುದಿದು, ಆಮ್ಲವನ್ನೂ ಮುಖಕ್ಕೆ ಸಿಡಿಸುತ್ತದೆ. ಆದುದರಿಂದ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಹೈಡ್ರೋಕ್ಲೋರಿಕ್ ಆಮ್ಲವು ಪ್ರಯೋಗಶಾಲೆಯಲ್ಲಿ ನೂರಕ್ಕೆ 35ರಿಂದ 37 ಪಾಲಿನದಾಗಿದ್ದು ಬಣ್ಣವಿಲ್ಲದಿರುತ್ತದೆ. ಕೈಗಾರಿಕೆಯ ಅಗ್ಗದ ಸರಕಿನ ಹಳದಿ ಬಣ್ಣವು ಸಾಮಾನ್ಯವಾಗಿ ಕಬ್ಬಿಣದ ಕಲ್ಮಶದಿಂದ ಬಂದುದು. ಇಂಥದನ್ನು ಹಾಕಿ ಪರೀಕ್ಷೆ ಮಾಡಿದರೆ ವಸ್ತುವಿನಲ್ಲಿಲ್ಲದ ಕಬ್ಬಿಣ ಉತ್ತರದಲ್ಲಿ ಬರುತ್ತದೆ. ನೈಟ್ರಿಕ್ ಆಮ್ಲವನ್ನಂತೂ ಮನೆಯೊಳಗೆ ತರಲೇಬಾರದೆಂಬುದು ನನ್ನ ಖಂಡಿತವಾದ ಅಭಿಪ್ರಾಯ. ಅದರ ಕೆಂಗಂದಿನ ಹೊಗೆ ಶ್ವಾಸಕೋಶಕ್ಕೆ ವಿಷ, ಅದರ ಕೆಡುಕು ಕೆಲವು ವೇಳೆ ಗಂಟೆಗಳು ಕಳೆದಮೇಲೆ ತೋರುತ್ತದೆ.

ಇಷ್ಟಾದ ಮೇಲೆ ಉಳಿದದ್ದು ಆ ಅರ್ಧ ಲೀಟರು. ಅಟ್ಟಕ್ಕೆ ಏರಿಸುವಂತಿಲ್ಲ, ಬೀದಿಗೆ ಚೆಲ್ಲುವಂತಿಲ್ಲ. ಸೀಸೆಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ಹುಡುಗನ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರ ಬಳಿಗೆ ಇಬ್ಬರೂ ಹೋದೆವು. ಅವರು ನನ್ನ ಪರಿಚಿತರು. "ಇದೇನು?" ಎಂದರು. ಹುಡುಗನು ಹೆಸರು ಹೇಳಿದನು. "ಹಾಗೆಂದು ಯಾರು ಹೇಳಿದರು?" "ಅಂಗಡಿಯವನು, ಸಾರ್." "ಸೀಸೆ ಏನು ಹೇಳುತ್ತದೆ?" ಹುಡುಗನಿಗೆ ಉತ್ತರವಿಲ್ಲ. "ಹೆಸರಿಲ್ಲದ್ದನ್ನು ಪ್ರಯೋಗಶಾಲೆಯೊಳಕ್ಕೆ ಸೇರಿಸುವುದಿಲ್ಲ" ಎಂದು, ಕನ್ನಡಕ ಕೈಗವಸುಗಳನ್ನು ಧರಿಸಿ, ಮೊದಲು ಒಂದೆರಡು ಹನಿಗಳನ್ನು ಪರೀಕ್ಷಿಸಿ ನೋಡಿದರು. ಆಮೇಲೆ ಬಯಲಿನಲ್ಲಿ ಒಂದು ದೊಡ್ಡ ತೊಟ್ಟಿಯಲ್ಲಿ ಬಹಳ ನೀರನ್ನು ತುಂಬಿಸಿ, ಅದಕ್ಕೆ ಆಮ್ಲವನ್ನು ನಿಧಾನವಾಗಿ ಬೆರಸಿ, ಅಡುಗೆ ಸೋಡವನ್ನು ತೂಗಿ ತೂಗಿ ಚಿಟಿಕೆಯಂತೆ ಹಾಕುತ್ತ ಹೋದರು. ನೊರೆ ನಿಲ್ಲುವ ಹೊತ್ತಿಗೆ ಸುಮಾರು 400 ಗ್ರಾಂ ಸೋಡ ಮುಗಿದಿತ್ತು. "ಇಷ್ಟೇ ವಿನಿಗರಿಗೆ ಎಷ್ಟು ಸೋಡ ಬೇಕು, ಲೆಕ್ಕ ಹಾಕು" ಎಂದರು. ಹುಡುಗನು ಅಂಗೈಯಲ್ಲೇ ಗುಣಿಸಿ ಭಾಗಿಸಿ, "35 ಗ್ರಾಂ, ಸಾರ್" ಎಂದನು. ಹೇಳಿದವನೇ ತೊಟ್ಟಿಯನ್ನೊಮ್ಮೆ, ಖಾಲಿಯಾದ ನೀರಿನ ಸೀಸೆಯನ್ನೊಮ್ಮೆ ನೋಡಿದನು. ನಾನು ಮೂವತ್ತು ವರ್ಷ ಹೇಳಿದ ನೀತಿಪಾಠಗಳಲ್ಲಿ ಈ ಎರಡು ಅಂಕಿಗಳಷ್ಟು ಬಲವಾದದ್ದು ಒಂದೂ ಇಲ್ಲ.

ಕೊನೆಗೆ ಅಧ್ಯಾಪಕರು, ಪ್ರಾಂಶುಪಾಲರ ಒಪ್ಪಿಗೆಯನ್ನು ಪಡೆದು, ಶನಿವಾರ ಮಧ್ಯಾಹ್ನ ತಮ್ಮ ಕಣ್ಣೆದುರಿಗೆ ಎರಡು ಗಂಟೆ ಕೆಲಸಮಾಡಬಹುದೆಂದು ಅವನಿಗೆ ಅನುಮತಿ ಕೊಟ್ಟಿದ್ದಾರೆ. ಆಮ್ಲವನ್ನು ತೆಗೆದುಕೊಂಡಾಗಲೆಲ್ಲ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹವ್ಯಾಸಿಗೆ ದ್ರಾವಕವನ್ನು ಸಂಪಾದಿಸಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಅರಿಯೆ: ಸೀಸೆಯನ್ನು ಮನೆಗೆ ತರುವುದಲ್ಲ, ಸೀಸೆಯಿರುವಲ್ಲಿಗೆ ನಾವು ಹೋಗುವುದು. ಬರುವ ವರ್ಷ ಅವನಿಗೆ ಹದಿನೆಂಟು ತುಂಬುತ್ತದೆ. ಆಗಲೂ ಅಗತ್ಯಬಿದ್ದರೆ, ಪುಸ್ತಕವಿಡುವ ಅಂಗಡಿಗೆ ಚೀಟಿ ಹಿಡಿದು ನಾನೇ ಅವನ ಜೊತೆಗೆ ಹೋಗುವೆನೆಂದು ಮಾತು ಕೊಟ್ಟಿದ್ದೇನೆ.

ವಾಚಕ ಮಹಾಶಯರೇ, ನಿಮ್ಮ ಮನೆಯಲ್ಲಿ ರಸಾಯನಪ್ರಿಯನಾದ ಹುಡುಗನಿಲ್ಲದಿರಬಹುದು. ಆದರೆ ಬಚ್ಚಲು ತೊಳೆಯುವ ಆಮ್ಲ ಇದ್ದೇ ಇರುತ್ತದೆ. ಆದುದರಿಂದ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಡಿ. ಅದನ್ನು ಅದರ ಸ್ವಂತ ಸೀಸೆಯಿಂದ ಬೇರೆಯದಕ್ಕೆ, ಅದರಲ್ಲಿಯೂ ತಿನ್ನುವ ಕುಡಿಯುವ ಪದಾರ್ಥದ ಸೀಸೆಗೆ, ಎಂದಿಗೂ ಬಗ್ಗಿಸಬೇಡಿ. ಮಕ್ಕಳ ಕೈಗೆಟುಕದಂತೆ, ಬೀಗವಿರುವ ಗೂಡಿನಲ್ಲಿಡಿ. ಆದರೆ ತೆಗೆಯುವಾಗ ಮುಖದ ಮೇಲೆ ಬೀಳುವಷ್ಟು ಎತ್ತರದಲ್ಲಿ ಬೇಡ. ಬ್ಲೀಚಿಂಗ್ ಪುಡಿಯೊಡನೆ ಅದನ್ನು ಎಂದೂ ಬೆರಸಬೇಡಿ. ಕ್ಲೋರಿನ್ ಎಂಬ ವಿಷವಾಯು ಹುಟ್ಟಿ ಬಚ್ಚಲುಮನೆಯಲ್ಲೇ ಉಸಿರು ಕಟ್ಟುತ್ತದೆ. ಮೈಮೇಲಾಗಲಿ ಕಣ್ಣಿಗಾಗಲಿ ಸಿಡಿದರೆ, ಸುಣ್ಣ ಸೋಡ ಬೆಣ್ಣೆ ಯಾವುದನ್ನೂ ಹಚ್ಚದೆ, ತೊಯ್ದ ಬಟ್ಟೆಯನ್ನು ತೆಗೆದುಹಾಕಿ, ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲದಂತೆ ತೊಳೆದು ವೈದ್ಯರಲ್ಲಿಗೆ ಹೋಗಿ; ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊನ್ನೆ ಹುಡುಗನ ಹಿತ್ತಲ ಕೊಠಡಿಗೆ ಹೋಗಿದ್ದೆನು. ಮೇಜಿನ ಮೇಲಿದ್ದ ಒಂದೊಂದು ಸೀಸೆಗೂ ಚೀಟಿ ಅಂಟಿತ್ತು: ಹೆಸರು, ಪ್ರಮಾಣ, ತಂದ ತಾರೀಖು. ವಿನಿಗರಿಗೂ ಚೀಟಿ, ನಿಂಬೆ ಉಪ್ಪಿಗೂ ಚೀಟಿ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಮಜ್ಜಿಗೆಯ ಚೆಂಬನ್ನು ತಂದು ನನ್ನ ಮುಂದಿಟ್ಟಳು. ಅದರ ಮೇಲೂ ಒಂದು ಚೀಟಿ: "ಲ್ಯಾಕ್ಟಿಕ್ ಆಮ್ಲ. ಕುಡಿಯಬಹುದು." "ನೋಡಿ ಭಾವ, ಇವನ ಹುಚ್ಚು!" ಎಂದು ಅವಳು ನಕ್ಕಳು. ನಾನೂ ನಕ್ಕು ಕುಡಿದೆನು. ಆದರೆ ಚೆಂಬನ್ನು ಕೆಳಗಿಡುವಾಗ ನಮ್ಮ ತಾಯಿಯವರ ಮಣಿಕಟ್ಟಿನ ನೆನಪಾಯಿತು. ಇಂಥ ಒಂದು ಚೀಟಿಯನ್ನು ಅಂದು ನಾನು ಅಂಟಿಸಿದ್ದರೆ, ಒಗ್ಗರಣೆಯ ಎಣ್ಣೆಯ ಮೇಲೆ ಆ ಅಪವಾದ ಬರುತ್ತಿರಲಿಲ್ಲ.

ಈ ಪುಟವನ್ನು ಮಡಿಸಿಟ್ಟ ಕೂಡಲೆ, ಎದ್ದು ಹೋಗಿ ನಿಮ್ಮ ಬಚ್ಚಲುಮನೆಯ ಗೂಡನ್ನು ಒಮ್ಮೆ ನೋಡಿ. ನಾಳೆ ಎನ್ನಬೇಡಿ.